ಕಣ್ಣಿಗೆ ಗುಡ್ಡ ಬಂತು, ರೇಡಿಯೋಗೆ ಬರಲಿಲ್ಲ

ಕಲಬುರಗಿಯಲ್ಲಿ ಒಂದು ವಿಒಆರ್ ಕೇಂದ್ರ, ಅಂದರೆ ವಿಮಾನಗಳಿಗೆ ರೇಡಿಯೋ ಅಲೆಯಿಂದ ದಿಕ್ಕು ತಿಳಿಸುವ ಕೇಂದ್ರ, ಇದೆ ಅಂತ ಇಟ್ಟುಕೊಳ್ಳಿ. ನೀವು ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ಸಿಮ್ಯುಲೇಟರ್‌ನಲ್ಲಿ ಹುಮನಾಬಾದ್ ಕಡೆ, ಗುಡ್ಡದ ಮರೆಯಲ್ಲಿ, ನೆಲದಿಂದ ಬರೀ 300 ಅಡಿ ಎತ್ತರದಲ್ಲಿ ಹಾರುತ್ತಿದ್ದೀರಿ. ದಿಕ್ಕು ತೋರಿಸುವ ಮುಳ್ಳು ಅಲುಗಾಡದೆ ನಿಂತಿರುತ್ತದೆ. ನಿಜವಾದ ವಿಮಾನದಲ್ಲಾದರೆ ಅದು ತೂರಾಡುತ್ತದೆ. ಕೆಂಪು ಫ್ಲ್ಯಾಗ್ ಒಮ್ಮೆ ಇಣುಕುತ್ತದೆ, ಮರೆಯಾಗುತ್ತದೆ, ಆಮೇಲೆ ಬಂದು ಕೂತೇ ಬಿಡುತ್ತದೆ. ಸಿಗ್ನಲ್ ಹೋಯಿತು ಅಂತ ಅರ್ಥ.

ವಿಒಆರ್ ಕೆಲಸ ಮಾಡುವುದು 108ರಿಂದ 118 ಮೆಗಾಹರ್ಟ್ಸ್‌ನಲ್ಲಿ. ಎಫ್‌ಎಂ ಪಟ್ಟಿ ಮುಗಿಯುವಲ್ಲಿ ಇದು ಶುರು. ಈ ಅಲೆಗಳು ಹೆಚ್ಚುಕಮ್ಮಿ ನೇರವಾಗಿ ಹೋಗುತ್ತವೆ. ಹಾಗಾಗಿ ಮೇಲೇರಿದಷ್ಟೂ ಜಾಸ್ತಿ ದೂರ ಸಿಗುತ್ತವೆ. ಬಯಲು ಸೀಮೆಯಲ್ಲಿ 1,000 ಅಡಿಗೆ ಸುಮಾರು 72 ಕಿ.ಮೀ., 10,000 ಅಡಿಗೆ ಸುಮಾರು 228 ಕಿ.ಮೀ.

1980ರ ದಶಕದ ಪುಟ್ಟ ಕಂಪ್ಯೂಟರುಗಳಿಂದ ಹಿಡಿದು ಈಗಿನವರೆಗೂ ಬಹಳಷ್ಟು ಸಿಮ್ಯುಲೇಟರ್‌ಗಳು ಹಿಡಿದದ್ದು ಸುಲಭದ ದಾರಿ: ಕೇಂದ್ರದ ಸುತ್ತ ಒಂದು ವೃತ್ತ. ಎಕ್ಸ್-ಪ್ಲೇನ್, ಫ್ಲೈಟ್‌ಗಿಯರ್ ಎಂಬ ಸಿಮ್ಯುಲೇಟರ್‌ಗಳು ಬಳಸುವ ಕೇಂದ್ರಗಳ ಪಟ್ಟಿಯಲ್ಲಿ ಪ್ರತಿ ಕೇಂದ್ರಕ್ಕೂ ವ್ಯಾಪ್ತಿ ಅಂತ ಒಂದೇ ಅಂಕಿ. ತೊಡಕು ಇರುವುದು ಇಲ್ಲೇ. ಆ ಅಂಕಿ 40 ನಾಟಿಕಲ್ ಮೈಲು (74 ಕಿ.ಮೀ.) ಎಂದಿದ್ದರೆ, ಅಷ್ಟು ದೂರ ಸಿಗ್ನಲ್ ನಂಬಬಹುದು ಎಂಬ ಖಾತ್ರಿ. ಅದು ಗೋಡೆಯಲ್ಲ. ವೃತ್ತ ಅದನ್ನೇ ಗೋಡೆ ಮಾಡಿತು. ಹುಮನಾಬಾದ್ ಅದರ ಒಳಗಿದೆ, ಆದ್ದರಿಂದ ಗುಡ್ಡದ ಹಿಂದೆಯೂ ಸಿಗ್ನಲ್ ಉಂಟು. ಬೀದರ್ ನೇರ ಲೆಕ್ಕದಲ್ಲಿ ನೂರು ಕಿ.ಮೀ. ಹತ್ತಿರ, ಹೊರಗಿದೆ. ಅಲ್ಲಿ 10,000 ಅಡಿ ಮೇಲಿದ್ದರೂ ಸಿಗ್ನಲ್ ಇಲ್ಲ. ಎರಡೂ ತಪ್ಪು ಅಲ್ವಾ?

2000ದ ಫೆಬ್ರವರಿಯಲ್ಲಿ ನಾಸಾದ ಎಂಡೆವರ್ ಬಾಹ್ಯಾಕಾಶ ನೌಕೆ ಭೂಮಿಯ ಬಹುಭಾಗದ ಏರುತಗ್ಗನ್ನು ರಾಡಾರಿನಿಂದ ಅಳೆಯಿತು. ಮುಂದೆ ಅದೇ ಅಳತೆಯಿಂದ ಸಿಮ್ಯುಲೇಟರ್‌ಗಳಲ್ಲಿ ಗುಡ್ಡಗಳು ಎದ್ದವು. ಏರುತಗ್ಗಿನ ಮೇಲೆ ರೇಡಿಯೋ ಅಲೆ ಎಷ್ಟು ಸೊರಗುತ್ತದೆ ಎಂದು ಹೇಳುವ ಲಾಂಗ್ಲಿ-ರೈಸ್ ಲೆಕ್ಕ 1960ರ ದಶಕದಿಂದಲೇ ಇತ್ತು. 2010ರ ನಂತರ ಫ್ಲೈಟ್‌ಗಿಯರ್‌ನಲ್ಲಿ ಅದನ್ನು ಜೋಡಿಸುವ ಕೆಲಸವೂ ನಡೆಯಿತು. ಅಷ್ಟರಲ್ಲಿ ಜಿಪಿಎಸ್ ಬಂದಿತ್ತು, ಹಳೇ ಮುಳ್ಳಿನ ಬಗ್ಗೆ ಆಸ್ಥೆ ಕಮ್ಮಿಯಾಗಿತ್ತು.

ದಿಕ್ಕು ತಿಳಿಸುವ ಇನ್ನೊಂದು ಬಗೆಯ ರೇಡಿಯೋ ಕೇಂದ್ರವಾದ ಎನ್‌ಡಿಬಿಯ ಕಥೆ ಇನ್ನೂ ಬೇರೆ. ಅದರ ಅಲೆ ಮೀಡಿಯಂ ವೇವ್ ರೇಡಿಯೋದ ಹಾಗೆ ನೆಲಕ್ಕೆ ಅಂಟಿಕೊಂಡು ಸಾಗುತ್ತದೆ. ಹಸಿ ಎರೆಮಣ್ಣಿನ ಮೇಲೆ ಚೆನ್ನಾಗಿ ಹೋಗುತ್ತದೆ, ಒಣಗಿದ ಕಲ್ಲುನೆಲದ ಮೇಲೆ ಬೇಗ ಸೊರಗುತ್ತದೆ. ರಾತ್ರಿ ಆಕಾಶವಾಣಿ ಹಚ್ಚಿದರೆ ದೂರದ ಊರಿನ ದನಿ ಬೆರೆಯುತ್ತದಲ್ಲ, ಹಾಗೇ ಈ ಮುಳ್ಳೂ ರಾತ್ರಿ ದಾರಿ ತಪ್ಪುತ್ತದೆ.

ಕಲಬುರಗಿ ನಿಲ್ದಾಣದಲ್ಲಿ ಈಗ ಪೈಲಟ್ ತರಬೇತಿಯೂ ಇದೆ. ಮನೆಯಲ್ಲಿ ಅಭ್ಯಾಸ ಮಾಡುವ ಹುಡುಗ ಹುಡುಗಿಯರು ಮುಳ್ಳನ್ನು ಅನುಮಾನಿಸುವುದನ್ನೂ ಕಲಿಯಬೇಕು. ಗುಡ್ಡಗಳ ಎತ್ತರ ಅವರ ಕಂಪ್ಯೂಟರಿನಲ್ಲಿ ಆಗಲೇ ಕೂತಿದೆ. ಕೇಂದ್ರಗಳ ಪಟ್ಟಿಯಲ್ಲಿ ಇಲ್ಲದಿರುವುದು ಪ್ರತಿ ಕೇಂದ್ರದ ಶಕ್ತಿ ಎಷ್ಟು ವ್ಯಾಟ್, ಆಂಟೆನಾ ಎಷ್ಟು ಎತ್ತರ ಎಂಬ ವಿವರ. ಮೊದಲು ಅದನ್ನು ಕೂಡಿಸಬೇಕು.