ಕಾಡಿಗೆ ಕರೆದೊಯ್ಯುವುದು ಬೇರೆ, ಅಟ್ಟುವುದು ಬೇರೆ

ಮನಸ್ಸು ಕದಡಿದ ಮಕ್ಕಳನ್ನು ಕಾಡಿನ ಶಿಬಿರಕ್ಕೆ ಕರೆದೊಯ್ದು ಚಿಕಿತ್ಸೆ ಕೊಡುವ ಪದ್ಧತಿಯೊಂದಿದೆ, 'ವೈಲ್ಡರ್‌ನೆಸ್ ಥೆರಪಿ' ಅಂತ. ಅದರ ಹಿಂದಿನ ನಂಬಿಕೆ ನಮಗೆ ಹೊಸದಲ್ಲ. ಕಾರವಾರದ ಕಡಲತೀರಕ್ಕೆ ಟ್ಯಾಗೋರರ ಹೆಸರಿದೆ. 1883ರಲ್ಲಿ, 22ರ ಹರೆಯದಲ್ಲಿ, ಇಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣನ ಮನೆಗೆ ಬಂದಿದ್ದರು. ಬೆಳದಿಂಗಳಲ್ಲಿ ಕಾಳಿ ನದಿಯ ಮೇಲೆ ದೋಣಿಯಲ್ಲಿ ಹೋದದ್ದನ್ನು ಎಷ್ಟೋ ವರ್ಷಗಳ ನಂತರ ನೆನೆದು ಬರೆದರು. ಶಾಲೆಯ ಗೋಡೆಗಳ ನಡುವೆ ಉಸಿರುಗಟ್ಟಿದ್ದ ಹುಡುಗ ಅವರು. 1901ರಲ್ಲಿ ಶಾಂತಿನಿಕೇತನದಲ್ಲಿ ಮರದಡಿಯ ಶಾಲೆ ಶುರುಮಾಡಿದರು.

ಅದೇ ವರ್ಷ ನ್ಯೂಯಾರ್ಕಿನ ಮಾನಸಿಕ ಆಸ್ಪತ್ರೆಯೊಂದರಲ್ಲಿ ಕ್ಷಯ ಇದ್ದ ರೋಗಿಗಳನ್ನು ಹೊರಗೆ ಡೇರೆಗಳಲ್ಲಿ ಇಟ್ಟರು. ಸೋಂಕು ಹರಡಬಾರದು ಅಂತ ಅಷ್ಟೇ. ಆದರೆ ಹಲವರ ಮನಸ್ಸೂ ತಿಳಿಯಾಗತೊಡಗಿತು. 1941ರಲ್ಲಿ ಶಿಕ್ಷಣತಜ್ಞ ಕರ್ಟ್ ಹಾನ್ ವೇಲ್ಸ್‌ನಲ್ಲಿ 'ಔಟ್‌ವರ್ಡ್ ಬೌಂಡ್' ಶಾಲೆ ತೆರೆದರು. ಹಡಗು ಮುಳುಗಿದಾಗ ಎಳೆಯ ನಾವಿಕರು ಎದೆಗುಂದಬಾರದು ಎಂಬುದು ಉದ್ದೇಶ. 1960ರ ದಶಕದಲ್ಲಿ ಇದು ಅಮೆರಿಕಕ್ಕೆ ಬಂತು. ಹಾದಿ ತಪ್ಪುತ್ತಿದ್ದ ಹದಿಹರೆಯದವರಿಗೂ ಇದೇ ದಾರಿ ಹಿಡಿಸಿದರು.

ಇದು ಕೆಲಸ ಮಾಡುವ ರೀತಿ ನಮ್ಮ ಶಿರಸಿ ಕಡೆಯವರಿಗೆ ಬೇಗ ತಿಳಿಯುತ್ತದೆ. ತಾಡಪಾಲು ಸರಿಯಾಗಿ ಕಟ್ಟದಿದ್ದರೆ ರಾತ್ರಿ ಮಳೆಗೆ ನೆನೆಯುತ್ತೀರಿ. ಯಾರೂ ಬಯ್ಯಬೇಕಿಲ್ಲ. ಮರುದಿನ ಹುಡುಗ ತಾನೇ ಬಿಗಿಯಾಗಿ ಕಟ್ಟುತ್ತಾನೆ. 'ನನ್ನಿಂದಾಗುತ್ತೆ' ಅಂತ ಅವನಿಗೆ ಅನ್ನಿಸುವುದು ಅಲ್ಲೇ. ಇನ್ನೊಂದು, ಎದುರು ಕೂತು ಪ್ರಶ್ನೆ ಕೇಳಿದರೆ ಬಾಯಿ ಬಿಡದ ಮಗು ಜೊತೆಗೆ ನಡೆಯುವಾಗ ಮಾತಾಡುತ್ತದೆ. ಕಣ್ಣಿಗೆ ಕಣ್ಣು ಸೇರಿಸಬೇಕಿಲ್ಲ ಅಲ್ವಾ. ಆಗ ಪಕ್ಕದಲ್ಲಿ ತರಬೇತಿ ಪಡೆದ ಆಪ್ತಸಲಹೆಗಾರರು ಇರಬೇಕು. ಎರಡು ದಿನ ದಾಂಡೇಲಿಯಲ್ಲಿ ರಾಫ್ಟಿಂಗ್ ಮಾಡಿಸಿದರೆ ಅದು ಖುಷಿ, ಚಿಕಿತ್ಸೆಯಲ್ಲ.

ಅಮೆರಿಕದಲ್ಲಿ ಇದು ವ್ಯಾಪಾರವಾದಾಗ ಹಾದಿ ಕೆಟ್ಟಿತು. ಬಾಡಿಗೆಯವರನ್ನು ಕಳಿಸಿ ಮಕ್ಕಳನ್ನು ನಡುರಾತ್ರಿ ಹಾಸಿಗೆಯಿಂದ ಎಬ್ಬಿಸಿ ಒಯ್ದದ್ದೂ ಇದೆ. 1990ರಲ್ಲಿ ಯೂಟಾದಲ್ಲಿ ಶಿಬಿರದವರು ಬಿಸಿಲಲ್ಲಿ ನಡೆಸಿಕೊಂಡು ಹೋದ 16ರ ಹುಡುಗಿಯೊಬ್ಬಳು ಸತ್ತಳು. ಆಮೇಲೆ ಆ ರಾಜ್ಯ ಇಂಥ ಶಿಬಿರಗಳಿಗೆ ನಿಯಮ ಮಾಡಿತು. 2024ರಲ್ಲಿ ನಾರ್ತ್ ಕ್ಯಾರೊಲಿನಾದಲ್ಲಿ 12ರ ಹುಡುಗ ಶಿಬಿರ ಸೇರಿ ಒಂದು ದಿನ ಕಳೆಯುವುದರೊಳಗೆ ತೀರಿಕೊಂಡ. ಶಿಬಿರದ ಪರವಾನಗಿ ರದ್ದಾಯಿತು. ಈ ಸಾವುಗಳನ್ನು ಓದುವಾಗ ನನಗೆ ಹೊಟ್ಟೆ ಹಿಂಡುತ್ತದೆ. ಕಾಡು ಇವರನ್ನು ಕೊಲ್ಲಲಿಲ್ಲ. ಮಗು ನರಳಿದರೆ ನಾಟಕ ಅಂದುಕೊಳ್ಳುವ ದೊಡ್ಡವರು ಇದ್ದ ಕಡೆಯೆಲ್ಲ ಈ ಅಪಾಯ ಇದೆ.

ಹಾಗಾಗಿ ಯಾರಾದರೂ ಇಂಥ ಶಿಬಿರದ ಕರಪತ್ರ ಕೊಟ್ಟರೆ ಹಣ ಕಟ್ಟುವ ಮೊದಲು ಕೇಳಿ. ಆಪ್ತಸಲಹೆಗಾರರು ಯಾರು? ಡಾಕ್ಟರು ಎಷ್ಟು ದೂರ? ಮಗು ಕೇಳಿದಾಗ ಮನೆಗೆ ಫೋನ್ ಮಾಡಬಹುದಾ? ಮಗು ಸಾಯುವ ಮಾತಾಡುತ್ತಿದ್ದರೆ ಶಿಬಿರ ಬೇಡ, ಮೊದಲು ಡಾಕ್ಟರ ಬಳಿ ಹೋಗಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು. ಉಳಿದಂತೆ, ಮಗುವಿಗೇ ಕೇಳಿ: 'ಬರ್ತೀಯಾ?'