ಹುಬ್ಬು: ಮುಖದ್ದೂ ಮಳೆಯದೂ ಒಂದೇ ಅಲ್ಲ

ಬೇಲೂರು, ಮೂಡಿಗೆರೆ ಕಡೆಯ ರೈತರಿಗೆ ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್ ನಡುವಿನವರೆಗೆ ಹುಬ್ಬೆ ಮಳೆ. ಕಣ್ಣಿನ ಮೇಲೆ, ಹಣೆಯ ಬೆವರು ಕಣ್ಣಿಗಿಳಿಯದಂತೆ ತಡೆಯುವ ಕೂದಲ ಸಾಲು ಹುಬ್ಬು. ಇವೆರಡಕ್ಕೂ ನಂಟಿದೆಯೆಂದು ಹಲವರು ಭಾವಿಸುತ್ತಾರೆ. ಇಲ್ಲ.

ಹುಬ್ಬಿನ ಹಳಗನ್ನಡ ರೂಪ 'ಪುರ್ಬು'. ತಮಿಳಿನ 'ಪುರುವಂ' ಇದರ ಒಡಹುಟ್ಟು. ಪುರ್ಬು ಹುಬ್ಬಾಗಲು ಎರಡು ಬದಲಾವಣೆ ಬೇಕಾಯಿತು. ಒಂದು, ಒತ್ತಕ್ಷರದ ಮೊದಲಿನ ರಕಾರ ಬಿದ್ದುಹೋಗಿ ಉಳಿದ ಅಕ್ಷರ ಇಮ್ಮಡಿಸಿತು. ಕರ್ಬು ಕಬ್ಬಾದದ್ದು, ಕರ್ಬುನ ಕಬ್ಬಿಣವಾದದ್ದು ಹೀಗೆಯೇ. ಇನ್ನೊಂದು, ಪದದ ಮೊದಲ ಪಕಾರ ಹಕಾರವಾಯಿತು: ಪಾಲು ಹಾಲು, ಪುಲಿ ಹುಲಿ. ಪದದ ನಡುವಿನ ಇಮ್ಮಡಿ ಪಕಾರಕ್ಕೆ ಇದು ತಟ್ಟಲಿಲ್ಲ. ತಪ್ಪು, ಉಪ್ಪು ಹಾಗೆಯೇ ಉಳಿದವು.

ಈ ಎರಡನೆಯ ಬದಲಾವಣೆಗೆ ಹಾಸನ ಜಿಲ್ಲೆಯದೇ ಕಲ್ಲಿನ ಸಾಕ್ಷಿಯಿದೆ. ಬೇಲೂರು ತಾಲ್ಲೂಕಿನ ಹಲ್ಮಿಡಿಯ ಹೆಸರು, ಸುಮಾರು ಕ್ರಿ.ಶ. 450ರದೆನ್ನುವ ಅಲ್ಲಿನ ಶಾಸನದಲ್ಲಿ 'ಪಲ್ಮಡಿ' ಎಂದಿದೆ. ಊರಿನ ಹೆಸರು ಹಿಡಿದ ದಾರಿಯನ್ನೇ ಹುಬ್ಬೂ ಹಿಡಿದಿದೆ. ಚಾರ್ಮಾಡಿ ಘಾಟಿ ಇಳಿದು ತುಳುನಾಡಿಗೆ ಹೋದರೆ ಈ ಪಕಾರ ಇಂದಿಗೂ ಬಾಯಲ್ಲಿದೆ: ಹುಲಿಗೆ ಪಿಲಿ, ಹೂವಿಗೆ ಪೂ.

ಮಳೆಯ ಹುಬ್ಬೆಯ ಮೂಲ ಸಂಸ್ಕೃತದ 'ಪೂರ್ವಾ', ಅಂದರೆ ಪೂರ್ವಫಲ್ಗುಣಿ ನಕ್ಷತ್ರ. ಸೂರ್ಯ ಆ ನಕ್ಷತ್ರದಲ್ಲಿರುವ ಹದಿಮೂರು ಹದಿನಾಲ್ಕು ದಿನ ಸುರಿಯುವ ಮಳೆ ಅದು. ಹಿಂದೆ ಮಖೆ, ಮುಂದೆ ಉತ್ತರೆ. ಪೂರ್ವಾ ಪುಬ್ಬೆಯಾಗಿ ಹುಬ್ಬೆಯಾಯಿತು. ಪರ್ವ ಹಬ್ಬವಾದ ಹಾಗೆ. ಬೇರೆ ಬೇರೆ ಬೇರಿನ ಪದಗಳು ಒಂದೇ ಒರಳಲ್ಲಿ ಅರೆದಂತಾಗಿ ಒಂದೇ ರೂಪಕ್ಕೆ ಬಂದಿವೆ. ಇಂಥ ಕಡೆ ಇಂದಿನ ರೂಪವನ್ನಷ್ಟೇ ನೋಡಿ ಅರ್ಥ ಕಟ್ಟಬಾರದು, ಹಳೆಯ ರೂಪ ಹುಡುಕಬೇಕು.

ಮಾತಿನಲ್ಲಿ ಹಕಾರ ಬಿಡುವುದರಿಂದ ಇನ್ನೊಂದು ಗೊಂದಲವಿದೆ. 'ಉಬ್ಬು' ಎಂದರೆ ಊದಿಕೊಳ್ಳುವುದು, ಮೇಲೇಳುವುದು. ಅದು ಮೂರನೆಯ ಪದ. ಆದ್ದರಿಂದ ವಾಹನ ನಿಧಾನಿಸಲು ಹಾಕುವುದು ರಸ್ತೆ ಉಬ್ಬು, ರಸ್ತೆ ಹುಬ್ಬಲ್ಲ. ಸಿಟ್ಟಿಗೆ ಗಂಟಿಕ್ಕುವುದೂ ಅಚ್ಚರಿಗೆ ಏರಿಸುವುದೂ ಹುಬ್ಬನ್ನು. ಮಿಟುಕಿಸುವುದು ಮಾತ್ರ ರೆಪ್ಪೆಯನ್ನು. ಅದಕ್ಕೆ ಎವೆ ಎಂಬ ಹಳೆಯ ಹೆಸರೂ ಇದೆ, ಎವೆಯಿಕ್ಕದೆ ನೋಡಿದ ಎನ್ನುವಾಗ ಬರುವುದು ಅದೇ.