ನಲವತ್ತು ಕಿಲೋದ ನಾಯಿ ಮನೆಗೆ ಬರುವ ಮುನ್ನ

ಯಾರೋ ಬಿಟ್ಟುಹೋದ ದೊಡ್ಡ ನಾಯಿಯೊಂದನ್ನು ಸಾಕಲು ಮುಂದಾದ ಕುಟುಂಬ ಕ್ಲಿನಿಕ್ಕಿಗೆ ಬಂದಾಗ ಕೇಳುವ ಮೊದಲ ಪ್ರಶ್ನೆ ಹೆಚ್ಚುಕಡಿಮೆ ಒಂದೇ: “ಡಾಕ್ಟರೇ, ಮಕ್ಕಳಿರುವ ಮನೆ, ಕಚ್ಚುವುದಿಲ್ಲ ತಾನೇ?” ಕೇಳಲೇಬೇಕಾದ ಪ್ರಶ್ನೆ. ಆದರೂ ಉತ್ತರಿಸುವ ಮೊದಲು ನಾಯಿಯನ್ನು ತೂಕದ ಯಂತ್ರದ ಮೇಲೆ ನಿಲ್ಲಿಸುತ್ತೇನೆ. ಊಟದ ಖರ್ಚು, ಔಷಧದ ಪ್ರಮಾಣ, ಬೀದಿಯಲ್ಲಿ ಹಗ್ಗ ಹಿಡಿಯುವವರು ಯಾರು, ಮುಪ್ಪಿನಲ್ಲಿ ಎತ್ತುವವರು ಯಾರು ಎಂಬುದೆಲ್ಲ ಅಲ್ಲಿ ಕಾಣುವ ಅಂಕಿಯಿಂದಲೇ ತೀರ್ಮಾನವಾಗುತ್ತದೆ. ಸ್ವಭಾವವನ್ನು ತಾಳ್ಮೆಯಿಂದ ಪಳಗಿಸಬಹುದು, ತೂಕವನ್ನು ಪಳಗಿಸಲಾಗದು.

ಬೆಂಗಳೂರಿನಂಥ ಊರುಗಳಲ್ಲಿ ಹೀಗೆ ಸಿಗುವವು ಹೆಚ್ಚಾಗಿ ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್, ರಾಟ್‌ವೀಲರ್, ಒಮ್ಮೊಮ್ಮೆ ಗ್ರೇಟ್ ಡೇನ್ ಅಥವಾ ಸೇಂಟ್ ಬರ್ನಾರ್ಡ್. ಮರಿಯಾಗಿದ್ದಾಗ ಕೊಂಡವರು ಬಾಡಿಗೆ ಮನೆ ಬದಲಾದಾಗಲೋ ವರ್ಗಾವಣೆಯಾದಾಗಲೋ ಕೈಬಿಟ್ಟಿರುತ್ತಾರೆ. ಇನ್ನು ಕೆಲವು, ಮರಿ ಮಾರುವವರು ಮತ್ತೆ ಮತ್ತೆ ಮರಿ ಹಾಕಿಸಿ, ಕೊನೆಗೆ ರಸ್ತೆಗೆ ಬಿಟ್ಟ ಹೆಣ್ಣುನಾಯಿಗಳು. ಜೋತುಬಿದ್ದ ಮೊಲೆಗಳು, ಪಂಜರದ ಸರಳು ಕಚ್ಚಿ ಸವೆದ ಹಲ್ಲುಗಳು, ಸಿಮೆಂಟಿನ ಮೇಲೆ ಮಲಗಿ ದಡ್ಡುಗಟ್ಟಿದ ಮೊಣಕೈಗಳು ಅವುಗಳ ಕಥೆ ಹೇಳುತ್ತವೆ. ನಾಯಿ ಮರಿ ಮಾಡಿಸಿ ಮಾರುವವರು ನೋಂದಣಿ ಮಾಡಿಸಲೇಬೇಕು ಎಂಬ ನಿಯಮ 2017ರಿಂದಲೇ ಇದೆ. ಅದು ಸರಿಯಾಗಿ ಜಾರಿಯಾಗಿದ್ದರೆ ಈ ತಾಯಂದಿರಲ್ಲಿ ಅನೇಕರು ನನ್ನ ಮೇಜಿನವರೆಗೆ ಬರಬೇಕಿರಲಿಲ್ಲ.

ಆ ಮೊಣಕೈಯ ಮೇಲೆ ನೀರು ತುಂಬಿದ ಮೆತ್ತನೆಯ ಗಂಟು ಕಂಡರೆ ಸೂಜಿ ಚುಚ್ಚಿ ಖಾಲಿ ಮಾಡಿಸಲು ಅವಸರಪಡಬೇಡಿ. ಖಾಲಿ ಮಾಡಿದರೂ ಅದು ಮತ್ತೆ ತುಂಬಿಕೊಳ್ಳುತ್ತದೆ, ಜೊತೆಗೆ ಸೋಂಕು ಒಳಹೋಗುತ್ತದೆ. ಭಾರದ ಮೈ ಗಟ್ಟಿ ನೆಲಕ್ಕೆ ಒತ್ತುವುದೇ ಅದಕ್ಕೆ ಕಾರಣ. ಸಣ್ಣ ಗಂಟಾದರೆ ದಪ್ಪನೆಯ ಹಾಸಿಗೆಯೇ ಚಿಕಿತ್ಸೆ.

ಎಲುಬು ಕಾಣುವ ನಾಯಿ ಮನೆಗೆ ಬಂದ ದಿನ ಎಲ್ಲರಿಗೂ ಕರುಳು ಚುರುಕ್ಕೆನ್ನುತ್ತದೆ. ಅಜ್ಜಿ ಒಂದು ಪಾತ್ರೆ ಅನ್ನ ಕಲಸುತ್ತಾರೆ, ಮಗ ಕೋಳಿ ತರುತ್ತಾನೆ. ಇಲ್ಲಿ ನಾನು ಕಟ್ಟುನಿಟ್ಟು. ವಾರಗಟ್ಟಲೆ ಉಪವಾಸವಿದ್ದ ದೇಹಕ್ಕೆ ಒಮ್ಮೆಲೇ ಹೊಟ್ಟೆತುಂಬ ಅನ್ನ ಬಿದ್ದರೆ ಇನ್ಸುಲಿನ್ ಏರುತ್ತದೆ. ರಕ್ತದಲ್ಲಿರುವ ರಂಜಕ, ಪೊಟ್ಯಾಸಿಯಂ ಜೀವಕೋಶಗಳ ಒಳಗೆ ಸೇರಿಹೋಗಿ, ಹೃದಯದ ಬಡಿತವೇ ಹದ ತಪ್ಪಬಹುದು. ಹಸಿವಿನಿಂದ ಬದುಕುಳಿದ ನಾಯಿ ಊಟದಿಂದ ಸಾಯುವುದು ಹೀಗೆ. ಮೊದಲ ಕೆಲವು ದಿನ ಅಳತೆ ಮಾಡಿದ ಆಹಾರವನ್ನು ಐದಾರು ಪಾಲು ಮಾಡಿ ಕೊಡಿ, ನಿಧಾನವಾಗಿ ಹೆಚ್ಚಿಸಿ. ಅದು ನಿಮ್ಮ ಮುಖ ನೋಡಿ ಬೇಡುತ್ತದೆ. ಕೊಡದಿರುವುದೇ ಆಗ ಅದಕ್ಕೆ ಮಾಡುವ ಉಪಕಾರ.

ಮೊದಲ ವಾರದಲ್ಲೇ ರಕ್ತಪರೀಕ್ಷೆ ಮಾಡಿಸಿ. ಉಣ್ಣೆಗಳು ಹರಡುವ ಎರ್ಲಿಕಿಯಾ, ಬೆಬೀಸಿಯಾ ಸೋಂಕುಗಳು ನಮ್ಮಲ್ಲಿ ಸಾಮಾನ್ಯ. ಹೊರನೋಟಕ್ಕೆ ಲವಲವಿಕೆಯಿಂದಿರುವ ನಾಯಿಯಲ್ಲೂ ಪ್ಲೇಟ್‌ಲೆಟ್ ಪಾತಾಳಕ್ಕಿಳಿದಿರಬಹುದು. ಸಂತಾನಹರಣ ಆಗದ ಹೆಣ್ಣಾದರೆ ಗರ್ಭಕೋಶವನ್ನೂ ಸ್ಕ್ಯಾನ್ ಮಾಡಿಸಿ. ಅಲ್ಲಿ ಕೀವು ತುಂಬಿದ್ದರೆ ತುರ್ತು ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ರೇಬಿಸ್ ಸೇರಿದಂತೆ ಲಸಿಕೆಗಳ ಪಟ್ಟಿಯನ್ನು ನಿಮ್ಮ ವೈದ್ಯರು ಹಾಕಿಕೊಡುತ್ತಾರೆ.

ಈಗ ಕಚ್ಚುವ ಪ್ರಶ್ನೆ. ತಳಿಯ ಹೆಸರು ಕೇಳಿ ಉತ್ತರ ಹೇಳುವವರನ್ನು ನಂಬಬೇಡಿ. 2024ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರ ರಾಟ್‌ವೀಲರ್ ಸೇರಿದಂತೆ 23 ತಳಿಗಳನ್ನು ಅಪಾಯಕಾರಿ ಎಂದು ಸುತ್ತೋಲೆ ಹೊರಡಿಸಿತ್ತು; ಮರುತಿಂಗಳು ಕರ್ನಾಟಕ ಹೈಕೋರ್ಟ್ ಅದನ್ನು ರದ್ದುಪಡಿಸಿತು. ನಾನು ನೋಡುವುದು ಎದುರಿಗಿರುವ ನಾಯಿಯನ್ನು. ಊಟದ ತಟ್ಟೆಯ ಹತ್ತಿರ ಯಾರಾದರೂ ಬಂದರೆ ಅದರ ಮೈ ಬಿಗಿಯುತ್ತದೆಯೇ? ಮುಟ್ಟಲು ಹೋದಾಗ ಮುಖ ತಿರುಗಿಸಿ ತುಟಿ ನೆಕ್ಕಿಕೊಳ್ಳುತ್ತದೆಯೇ? ಗುರುಗುಟ್ಟಿದರೆ ಗದರಬೇಡಿ. ಗುರುಗುಟ್ಟುವುದು ಎಚ್ಚರಿಕೆ. ಅದನ್ನು ಅಡಗಿಸಿದರೆ ನಾಯಿ ಮುಂದಿನ ಸಲ ಎಚ್ಚರಿಸದೆಯೇ ಬಾಯಿ ಹಾಕುತ್ತದೆ. ಮೂಲೆಯೊಂದರಲ್ಲಿ ಅದಕ್ಕೆ ಜಾಗ ಮಾಡಿಕೊಟ್ಟು, ಅದಾಗಿಯೇ ಹತ್ತಿರ ಬರುವವರೆಗೆ ಬಿಟ್ಟುಬಿಡಿ. ನೆಂಟರಿಷ್ಟರನ್ನು ಆ ತಿಂಗಳು ಕರೆಯಬೇಡಿ. ಸಣ್ಣ ಮಕ್ಕಳನ್ನು ಅದರೊಂದಿಗೆ ಬಿಟ್ಟು ಒಂದು ನಿಮಿಷಕ್ಕೂ ಕೋಣೆಯಿಂದ ಹೊರಹೋಗಬೇಡಿ, ಅದು ಎಷ್ಟೇ ಸಾಧುವಾಗಿರಲಿ. ನಿಜವಾದ ಸ್ವಭಾವ ಬಯಲಾಗಲು ವಾರಗಳಲ್ಲ, ತಿಂಗಳುಗಳೇ ಬೇಕು.

ಸಾಧು ನಾಯಿಯಿಂದಲೂ ಆಗುವ ಅಪಾಯವೊಂದಿದೆ. ನಲವತ್ತು ಕಿಲೋದ ಲ್ಯಾಬ್ರಡಾರ್ ಪ್ರೀತಿಯಿಂದಲೇ ಹಾರಿದರೂ ಅಜ್ಜಿಯ ಸೊಂಟದ ಮೂಳೆ ಮುರಿಯಬಹುದು. ಹಾರಿದಾಗ ಯಾರೂ ಮಾತಾಡಿಸದೆ, ನಾಲ್ಕೂ ಕಾಲು ನೆಲದ ಮೇಲಿದ್ದಾಗ ಮಾತ್ರ ಮುದ್ದಿಸುವ ನಿಯಮವನ್ನು ಮನೆಮಂದಿಯೆಲ್ಲ ಪಾಲಿಸಬೇಕು. ನುಣುಪಾದ ಗ್ರಾನೈಟ್ ನೆಲ ಭಾರದ ನಾಯಿಯ ಸೊಂಟದ ಕೀಲಿಗೆ ಶತ್ರು. ಓಡಾಡುವ ದಾರಿಗೆ ಹಳೆಯ ಜಮಖಾನೆಯನ್ನೋ ರಬ್ಬರ್ ಹಾಸನ್ನೋ ಹಾಸಿ.

ಸೇಂಟ್ ಬರ್ನಾರ್ಡ್‌ನಂಥ ದಟ್ಟ ಕೂದಲಿನ ನಾಯಿಯನ್ನು ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಸಾಕುವ ಯೋಚನೆಯನ್ನು ನಾನು ಒಪ್ಪುವುದಿಲ್ಲ. ಉತ್ತರ ಕರ್ನಾಟಕದವರು ದೊಡ್ಡ ನಾಯಿಯೇ ಬೇಕೆಂದರೆ, ಬೇಟೆಗೋ ಓಟದ ಪಂದ್ಯಕ್ಕೋ ಆಗದೆಂದು ಕೈಬಿಟ್ಟ ಮುಧೋಳ ನಾಯಿಯತ್ತ ಕಣ್ಣು ಹಾಯಿಸಲಿ. ಅದು ಈ ಬಿಸಿಲಿನದೇ ಕೂಸು. ಆದರೆ ಓಡಲು ಬಯಲು ಬೇಕು, ಮತ್ತು ಓಡುವ ಬೆಕ್ಕು ಕಂಡರೆ ನಿಮ್ಮ ಕೂಗು ಅದಕ್ಕೆ ಕೇಳಿಸದು.

ಅಪಾರ್ಟ್‌ಮೆಂಟ್ ಸಂಘದವರು ದೊಡ್ಡ ನಾಯಿ ಬೇಡವೆಂದರೆ ಎದೆಗುಂದಬೇಡಿ. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿಯ ಪ್ರಕಾರ ಬಹುಮತದಿಂದಲೂ ಸಾಕುಪ್ರಾಣಿಯನ್ನು ನಿಷೇಧಿಸುವಂತಿಲ್ಲ.

ಕೊನೆಯದಾಗಿ, ನಾಯಿ ಬರುವ ಮುನ್ನವೇ ರಾತ್ರಿ ಹೊತ್ತು ಶಸ್ತ್ರಚಿಕಿತ್ಸೆ ಮಾಡುವ ಪಶು ಆಸ್ಪತ್ರೆ ನಿಮಗೆ ಹತ್ತಿರದಲ್ಲಿ ಯಾವುದು ಎಂದು ವಿಚಾರಿಸಿಡಿ. ಗ್ರೇಟ್ ಡೇನ್, ಜರ್ಮನ್ ಶೆಫರ್ಡ್‌ನಂಥ ಆಳವಾದ ಎದೆಗೂಡಿನ ನಾಯಿಗಳ ಜಠರ ಗಾಳಿ ತುಂಬಿ ತಿರುಚಿಕೊಳ್ಳುವುದುಂಟು. ಹೊಟ್ಟೆ ಉಬ್ಬಿ, ವಾಂತಿಗೆ ಒದ್ದಾಡಿದರೂ ಏನೂ ಹೊರಬಾರದೆ, ಜೊಲ್ಲು ಸುರಿಸುತ್ತಾ ಚಡಪಡಿಸಿದರೆ ಮಜ್ಜಿಗೆ ಕುಡಿಸುತ್ತಾ ಬೆಳಗಿನವರೆಗೆ ಕಾಯಬೇಡಿ. ಕೆಲವೇ ಗಂಟೆಗಳಲ್ಲಿ ಪ್ರಾಣ ಹೋಗುತ್ತದೆ. ಆ ಹೊತ್ತಿನಲ್ಲಿ ಅದನ್ನು ಎತ್ತಿ ಕಾರಿಗೆ ಹಾಕಲು ಇಬ್ಬರು ಬೇಕು. ಆ ಎರಡನೆಯವರು ಯಾರೆಂದು ಈಗಲೇ ಗೊತ್ತು ಮಾಡಿಕೊಳ್ಳಿ.